ಹೊಸ್ತಿಲಲ್ಲಿ ನಿಂತ ವೀರರು

“ಇದೇನೇ ಇದು! ಈ ಪುಣ್ಯಾತ್ಮರಿಗೆ ಉಟ್ಟುಕೊಳ್ಳೋಕೆ ಒಂದು ತುಂಡು ಬಟ್ಟೆಯೂ ಸಿಗಲಿಲ್ವೇನೆ?”

ಸೊಪ್ಪು ಸೋಸುವುದನ್ನು ಅರ್ಧಕ್ಕೇ ಬಿಟ್ಟು ನಮ್ಮ ಅತ್ತೆ ಕೇಳಿದ ಪ್ರಶ್ನೆ ಇದು. ಅವರ ಮಡಿಲಲ್ಲಿದ್ದದ್ದು ನಾನು ಲೈಬ್ರರಿಯಿಂದ ತಂದಿದ್ದ ದಪ್ಪ ಪುಸ್ತಕ, ಯೂರೋಪಿನ ಚಿತ್ರಕಲೆಯದು. ಪುಟ ತಿರುವಿದಂತೆಲ್ಲ ಗ್ರೀಕ್ ಪುರಾಣದ ವೀರರ ಸಾಲು. ಸಿಂಹದ ಕೊರಳು ಹಿಸುಕುತ್ತಿರುವ ಹರ್ಕ್ಯುಲಿಸ್ ಒಂದು ಕಡೆ. ಹಾವುಗಳೇ ಕೂದಲಾಗಿದ್ದ ಮೆಡೂಸಾಳ ತಲೆ ಕಡಿದು ಎತ್ತಿ ಹಿಡಿದ ಪರ್ಸಿಯಸ್ ಇನ್ನೊಂದು ಕಡೆ. ಗೂಳಿಯ ತಲೆಯ ರಾಕ್ಷಸನನ್ನು ಕೊಂದು ಅವನ ಮೇಲೆಯೇ ಕುಳಿತ ಥೀಸಿಯಸ್ ಮತ್ತೊಂದು ಕಡೆ. ಎಲ್ಲರದೂ ಹುರಿಗಟ್ಟಿದ ಮೈ. ಆ ಮೈಮೇಲೆ ಬಟ್ಟೆ ಮಾತ್ರ ಹೆಸರಿಗೂ ಇಲ್ಲ.

ನಾನು ನಕ್ಕು ಸುಮ್ಮನಾದೆ. ಆದರೆ ಆ ಪುಸ್ತಕವನ್ನು ಓದುತ್ತ ಹೋದಂತೆ ಅತ್ತೆಯ ಪ್ರಶ್ನೆ ನಕ್ಕು ಬಿಡುವಂಥದಲ್ಲ ಎನ್ನಿಸಿತು. ಬಟ್ಟೆಯಿಲ್ಲದ ಈ ವೀರರ ದೆಸೆಯಿಂದಲೇ ನೂರಾರು ವರ್ಷ ಯೂರೋಪಿನ ಹೆಣ್ಣುಮಕ್ಕಳಿಗೆ ದೊಡ್ಡ ಚಿತ್ರ ಬರೆಯುವ ಬಾಗಿಲು ಮುಚ್ಚಿಹೋಗಿತ್ತು ಎಂದರೆ ನೀವು ನಂಬುತ್ತೀರಾ, ಸೋದರಿಯರೆ? ಹಾಗೆ ಮುಚ್ಚಿದ್ದ ಬಾಗಿಲ ಹೊಸ್ತಿಲಲ್ಲೇ ಕುಳಿತು, ವೀರರನ್ನು ತನ್ನದೇ ರೀತಿಯಲ್ಲಿ ಬರೆದ ಒಬ್ಬ ಹೆಣ್ಣುಮಗಳು ಇದ್ದಳು. ಆಂಜೆಲಿಕಾ ಕಾಫ್‌ಮನ್ ಎಂದು ಅವಳ ಹೆಸರು.

ಪಂಕ್ತಿಯ ಮೊದಲ ಎಲೆ

ಮೊದಲು ಅತ್ತೆಯ ಪ್ರಶ್ನೆಗೆ ಉತ್ತರ ಹೇಳೋಣ. ಪ್ರಾಚೀನ ಗ್ರೀಕರಿಗೆ ಬೆತ್ತಲೆ ಮೈ ನಾಚಿಕೆಯ ವಿಷಯವಾಗಿರಲಿಲ್ಲ. ದೇವರು, ವೀರ, ಆಟದಲ್ಲಿ ಗೆದ್ದ ಜಟ್ಟಿ, ಇವರ ವಿಗ್ರಹಗಳನ್ನು ಅವರು ಹಾಗೆಯೇ ಕಡೆಯುತ್ತಿದ್ದರು. ಬಲವಾದ, ಸುಂದರವಾದ ಮೈಯೇ ವೀರನ ಲಕ್ಷಣ ಎಂಬುದು ಅವರ ಎಣಿಕೆ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಇಟಲಿಯಲ್ಲಿ ಅಂಥ ಹಳೆಯ ವಿಗ್ರಹಗಳು ನೆಲದಡಿಯಿಂದ ಹೊರಬಂದಾಗ ಅಲ್ಲಿನ ಕಲಾವಿದರು ಮರುಳಾಗಿ ಹೋದರು. ರೋಮಿನ ವ್ಯಾಟಿಕನ್ನಿನಲ್ಲಿ ಇಂದಿಗೂ ಒಂದು ಕಲ್ಲಿನ ಮುಂಡವಿದೆ. ಅದಕ್ಕೆ ತಲೆಯಿಲ್ಲ, ಕೈಯಿಲ್ಲ, ಮೊಣಕಾಲ ಕೆಳಗೆ ಏನೂ ಇಲ್ಲ. ಬಹುಕಾಲ ಜನ ಅದನ್ನು ಹರ್ಕ್ಯುಲಿಸನದೆಂದೇ ತಿಳಿದಿದ್ದರು. ಮೈಕೆಲೇಂಜೆಲೊನಂಥವನೂ ಅದನ್ನು ಮೆಚ್ಚಿದ್ದ. ೧೫೫೪ರಲ್ಲಿ ಫ್ಲಾರೆನ್ಸ್ ನಗರದ ಚೌಕದಲ್ಲಿ ಚೆಲ್ಲೀನಿ ಎಂಬ ಶಿಲ್ಪಿ ಕಂಚಿನ ಪರ್ಸಿಯಸನನ್ನು ನಿಲ್ಲಿಸಿದ. ಅವನ ತಲೆಯ ಮೇಲೆ ಶಿರಸ್ತ್ರಾಣ, ಕಾಲಿಗೆ ರೆಕ್ಕೆಯ ಪಾದರಕ್ಷೆ, ನಡುವೆ ಬರೀ ಮೈ.

ಮುಂದೆ ಚಿತ್ರಗಳಲ್ಲೂ ಮೇಲು ಕೀಳು ಬಂತು. ಮದುವೆಮನೆಯ ಪಂಕ್ತಿಯಂತೆ ಎನ್ನಿ. ಪುರಾಣ, ಧರ್ಮ, ಚರಿತ್ರೆಯ ದೊಡ್ಡ ಪ್ರಸಂಗಗಳ ಚಿತ್ರಕ್ಕೆ ಮೊದಲ ಎಲೆ. ಮನುಷ್ಯರ ಮುಖಚಿತ್ರಕ್ಕೆ ಅದರಾಚೆಯ ಎಲೆ. ದಿನಬಳಕೆಯ ಬಾಳಿನ ಚಿತ್ರ, ಬೆಟ್ಟಗುಡ್ಡದ ಚಿತ್ರ ಇನ್ನೂ ಆಚೆಗೆ. ಹೂವು, ಹಣ್ಣು, ಪಾತ್ರೆಗಳ ಚಿತ್ರಕ್ಕೆ ಕೊನೆಯ ಎಲೆ.

ಮೊದಲ ಎಲೆಗೆ ಕೂರಬೇಕಾದರೆ ವೀರರನ್ನು ಬರೆಯಲು ಬರಬೇಕು. ವೀರರನ್ನು ಬರೆಯಲು ಮೈಯ ಮೂಳೆ, ಸ್ನಾಯು ಎಲ್ಲ ತಿಳಿದಿರಬೇಕು. ಅದಕ್ಕಾಗಿ ಚಿತ್ರಶಾಲೆಗಳಲ್ಲಿ ಬೆತ್ತಲೆ ಗಂಡಸೊಬ್ಬನನ್ನು ಮುಂದೆ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ಅಂಥ ಕೋಣೆಗೆ ಮರ್ಯಾದಸ್ಥರ ಮನೆಯ ಹೆಣ್ಣು ಕಾಲಿಡುವುದುಂಟೆ? ಹೆಂಗಸರು ಬೇಕಾದರೆ ಹೂವು ಬರೆಯಲಿ, ಮಕ್ಕಳ ಮುಖ ಬರೆಯಲಿ, ವೀರರ ಗೊಡವೆ ಅವರಿಗೇಕೆ ಎಂದುಬಿಟ್ಟರು. ಕಲಿಯಲು ಬಿಡುವುದಿಲ್ಲ, ಕಲಿತಿಲ್ಲವಾದ್ದರಿಂದ ಯೋಗ್ಯತೆಯಿಲ್ಲ! ಈ ಬಗೆಯ ನ್ಯಾಯ ನಮಗೇನೂ ಹೊಸದಲ್ಲ, ಅಲ್ಲವೆ?

ಅಪ್ಪನ ಜೊತೆಗೆ ಊರೂರು

ಆಂಜೆಲಿಕಾ ಹುಟ್ಟಿದ್ದು ೧೭೪೧ರ ಅಕ್ಟೋಬರ್ ೩೦ರಂದು, ಸ್ವಿಟ್ಜರ್ಲೆಂಡಿನ ಕೂರ್ ಎಂಬ ಊರಿನಲ್ಲಿ. ಅಪ್ಪ ಚಿತ್ರಗಾರ, ಕೆಲಸ ಸಿಕ್ಕ ಕಡೆಗೆ ಸಂಸಾರ ಕಟ್ಟಿಕೊಂಡು ಹೋಗುತ್ತಿದ್ದವನು. ಮಗಳ ಕೈಗೆ ಕುಂಚ ಕೊಟ್ಟ ಗುರುವೂ ಅವನೇ. ೧೭೫೭ರಲ್ಲಿ ತಾಯಿ ತೀರಿಕೊಂಡಳು. ತಂದೆ ಮಗಳಿಬ್ಬರೂ ಆಸ್ಟ್ರಿಯಾದ ಬೆಟ್ಟಸೀಮೆಯ ಶ್ವಾರ್ಟ್ಸನ್‌ಬರ್ಗ್ ಎಂಬ ಹಳ್ಳಿಗೆ, ಅಪ್ಪನ ಮೂಲ ಊರಿಗೆ, ಬಂದರು. ಅಲ್ಲಿನ ಚರ್ಚಿನ ಗೋಡೆಯ ಮೇಲೆ ಯೇಸುವಿನ ಹನ್ನೆರಡು ಶಿಷ್ಯರ ಚಿತ್ರಗಳನ್ನು ಆ ಹುಡುಗಿ ಬರೆದಳು. ಆಗ ಅವಳಿಗೆ ಹದಿನಾರರ ಆಸುಪಾಸು ವಯಸ್ಸು. ಆ ಚಿತ್ರಗಳು ಈಗಲೂ ಅಲ್ಲಿವೆ.

ಹಾಡುವುದರಲ್ಲೂ ಅವಳದು ಒಳ್ಳೆಯ ಕಂಠ. ಸಂಗೀತವೋ ಚಿತ್ರವೋ ಎಂದು ಒಂದು ಕಾಲಕ್ಕೆ ಅವಳು ತೂಗಾಡಿದ್ದುಂಟು. ಎಷ್ಟೋ ವರ್ಷಗಳ ನಂತರ, ೧೭೯೪ರಲ್ಲಿ, ಅದನ್ನೇ ಚಿತ್ರವಾಗಿಸಿದಳು. ನಡುವೆ ತಾನು, ಒಂದು ಪಕ್ಕದಲ್ಲಿ ಸಂಗೀತದೇವಿ, ಇನ್ನೊಂದು ಪಕ್ಕದಲ್ಲಿ ಚಿತ್ರದೇವಿ. ಸಂಗೀತದ ಕೈಯನ್ನು ಬಿಡಲಾರದೆ ಬಿಡುತ್ತಿರುವ ಹೆಣ್ಣಿನ ಮುಖ ಅದು.

ಅಪ್ಪನ ಜೊತೆ ಇಟಲಿ ಸುತ್ತಿದಳು. ಜೀವಂತ ಗಂಡಸನ್ನು ನೋಡಿ ಕಲಿಯುವಂತಿರಲಿಲ್ಲವಲ್ಲ, ಕಲ್ಲಿನ ಗಂಡಸರು ಇದ್ದರು! ಹಳೆಯ ವಿಗ್ರಹಗಳ ಮುಂದೆ, ಅವುಗಳ ಗಾರೆಯ ಅಚ್ಚುಗಳ ಮುಂದೆ ಕುಳಿತು ಬರೆದು ಬರೆದು ಕೈ ತಿದ್ದಿಕೊಂಡಳು. ೧೭೬೬ರಲ್ಲಿ ಲಂಡನ್ನಿಗೆ ಬಂದಾಗ ಅವಳಿಗೆ ಇಪ್ಪತ್ತೈದು ತುಂಬಿರಲಿಲ್ಲ. ಶ್ರೀಮಂತರ ಮುಖಚಿತ್ರ ಬರೆದು ಕೈತುಂಬ ಗಳಿಸಿದಳು. ಮನಸ್ಸು ಮಾತ್ರ ಪಂಕ್ತಿಯ ಮೊದಲ ಎಲೆಯ ಕಡೆಗೇ ಇತ್ತು.

ಗೋಡೆಗೆ ನೇತುಬಿದ್ದ ಸದಸ್ಯೆಯರು

೧೭೬೮ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಹುಟ್ಟಿತು. ಅದರ ಸ್ಥಾಪಕ ಸದಸ್ಯರಲ್ಲಿ ಇಬ್ಬರೇ ಹೆಂಗಸರು. ಒಬ್ಬಳು ಆಂಜೆಲಿಕಾ, ಇನ್ನೊಬ್ಬಳು ಹೂವಿನ ಚಿತ್ರಗಳಿಗೆ ಹೆಸರಾದ ಮೇರಿ ಮೋಸರ್. ಎಂಥ ಗೌರವ ಎನ್ನುತ್ತೀರಾ? ಸ್ವಲ್ಪ ತಾಳಿ.

ಮೂರು ನಾಲ್ಕು ವರ್ಷಗಳಲ್ಲಿ ಜೋಫನಿ ಎಂಬ ಚಿತ್ರಗಾರ ಆ ಸದಸ್ಯರ ಒಂದು ಗುಂಪುಚಿತ್ರ ಬರೆದ. ಅಭ್ಯಾಸದ ಕೋಣೆ, ಮಾದರಿಯಾಗಿ ನಿಲ್ಲುವ ಗಂಡಸು ಬಟ್ಟೆ ಕಳಚಿ ಸಿದ್ಧನಾಗಿದ್ದಾನೆ, ಸುತ್ತ ಸದಸ್ಯರು ಹರಟುತ್ತ ನಿಂತಿದ್ದಾರೆ. ಹೆಂಗಸರಿಬ್ಬರೂ ಎಲ್ಲಿ? ಹುಡುಕಿದರೆ ಗೋಡೆಯ ಮೇಲೆ ಎರಡು ಮುಖಚಿತ್ರಗಳಾಗಿ ನೇತಾಡುತ್ತಿದ್ದಾರೆ! ಆ ಕೋಣೆಯಲ್ಲಿ ಹೆಂಗಸರನ್ನು ನಿಲ್ಲಿಸುವಂತಿಲ್ಲ, ಸದಸ್ಯೆಯರನ್ನು ಬಿಡುವಂತೆಯೂ ಇಲ್ಲ. ಜೋಫನಿ ಕಂಡುಕೊಂಡ ಉಪಾಯ ಇದು. ಹೆಸರು ಪಟ್ಟಿಯಲ್ಲಿದೆ, ಕುರ್ಚಿ ಕೋಣೆಯಲ್ಲಿಲ್ಲ.

ಹಾಗಾದರೆ ಆಂಜೆಲಿಕಾ ವೀರರನ್ನು ಬರೆದದ್ದು ಹೇಗೆ? ಇಲ್ಲೇ ಇರುವುದು ಅವಳ ಜಾಣತನ, ಅವಳ ಮನಸ್ಸು. ಬೇರೆಯವರು ವೀರನನ್ನು ರಣರಂಗದಲ್ಲಿ ಹುಡುಕಿದರೆ, ಅವಳು ಮನೆಯಲ್ಲಿ ಹುಡುಕಿದಳು. ಹೊರಡುವ ಮೊದಲು, ಹೊರಟುಹೋದ ಮೇಲೆ, ವೀರನ ಮನೆಯಲ್ಲಿ ಏನಾಗುತ್ತದೆ? ಮನೆಯಲ್ಲಿರುವಾಗ ವೀರನೂ ಮೈತುಂಬ ಬಟ್ಟೆ ಉಟ್ಟಿರುತ್ತಾನಲ್ಲ!

ಹೆಕ್ಟರ್ ಹೊರಟ ಹೊತ್ತು

೧೭೬೯ರಲ್ಲಿ ಅಕಾಡೆಮಿಯ ಮೊಟ್ಟಮೊದಲ ಪ್ರದರ್ಶನ ನಡೆಯಿತು. ಅದಕ್ಕೆ ಅವಳು ಕೊಟ್ಟ ಚಿತ್ರಗಳಲ್ಲಿ ಒಂದು, ಹೆಕ್ಟರ್ ತನ್ನ ಹೆಂಡತಿ ಆಂಡ್ರೊಮಾಕಿಯನ್ನು ಬೀಳ್ಕೊಳ್ಳುವ ಚಿತ್ರ. ಈಗ ಅದು ಇಂಗ್ಲೆಂಡಿನ ಡೆವನ್ ಸೀಮೆಯ ಸಾಲ್ಟ್ರಮ್ ಎಂಬ ಬಂಗಲೆಯಲ್ಲಿದೆ.

ಕಥೆ ಹೋಮರ್ ಕವಿಯ ‘ಇಲಿಯಡ್’ ಕಾವ್ಯದ್ದು. ಗ್ರೀಕರು ಟ್ರಾಯ್ ನಗರವನ್ನು ಮುತ್ತಿದ್ದಾರೆ. ನಗರ ಕಾಯುವ ವೀರ, ರಾಜಕುಮಾರ ಹೆಕ್ಟರ್. ಯುದ್ಧದ ನಡುವೆ ಒಂದು ಗಳಿಗೆ ಊರೊಳಗೆ ಬಂದಿದ್ದಾನೆ. ಹೆಂಡತಿ ದಾರಿಯಲ್ಲಿ ಎದುರಾಗುತ್ತಾಳೆ. ‘ನನ್ನ ತಂದೆ ಹೋದ, ತಾಯಿ ಹೋದಳು, ಏಳು ಜನ ಅಣ್ಣತಮ್ಮಂದಿರೂ ಹೋದರು. ನನಗೆ ಎಲ್ಲವೂ ನೀನೇ. ಹೋಗಬೇಡ’ ಎಂಬರ್ಥದಲ್ಲಿ ಬೇಡುತ್ತಾಳೆ. ಹೆಕ್ಟರ್ ಒಪ್ಪುವುದಿಲ್ಲ. ಹೋಗದಿದ್ದರೆ ಊರವರ ಮುಂದೆ ತಲೆ ಎತ್ತುವುದು ಹೇಗೆ ಎಂಬುದು ಅವನ ಚಿಂತೆ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ಅಪ್ಪನ ಶಿರಸ್ತ್ರಾಣದ ಮೇಲೆ ಅಲ್ಲಾಡುವ ಜುಟ್ಟನ್ನು ಕಂಡು ಅದು ಚಿಟ್ಟನೆ ಚೀರಿ ದಾದಿಯ ಎದೆಗೆ ಅಂಟಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರೂ ನಕ್ಕುಬಿಡುತ್ತಾರೆ. ಶಿರಸ್ತ್ರಾಣ ತೆಗೆದು ನೆಲದ ಮೇಲಿಟ್ಟು, ಹೆಕ್ಟರ್ ಮಗುವನ್ನು ಮುದ್ದಿಸುತ್ತಾನೆ.

ಆಂಜೆಲಿಕಾಳ ಚಿತ್ರದಲ್ಲಿ ಇನ್ನೂ ಶಿರಸ್ತ್ರಾಣ ಹೆಕ್ಟರನ ತಲೆಯ ಮೇಲೇ ಇದೆ. ಪಕ್ಕದಲ್ಲಿ ಆಂಡ್ರೊಮಾಕಿ, ದಾದಿಯ ತೋಳಲ್ಲಿ ಕೂಸು. ರಕ್ತವಿಲ್ಲ, ಕುದುರೆಯಿಲ್ಲ, ಕತ್ತಿಯ ಝಳಪಿಲ್ಲ. ಗಂಡ ಹೆಂಡತಿ ನಿಂತಿದ್ದಾರೆ, ಅಷ್ಟೆ. ನೋಡಿದವರ ಎದೆಗೆ ತಟ್ಟುವುದಕ್ಕೆ ಅಷ್ಟೇ ಸಾಕು.

ಏಕೆಂದರೆ ಮುಂದಿನದು ನೋಡುವವರಿಗೆ ಗೊತ್ತಿತ್ತು. ಹೆಕ್ಟರ್ ಹಿಂದಿರುಗುವುದಿಲ್ಲ. ಅವನು ಸತ್ತ ದಿನ ಆಂಡ್ರೊಮಾಕಿ ಒಳಮನೆಯಲ್ಲಿ ಬಟ್ಟೆ ನೇಯುತ್ತ ಕುಳಿತಿರುತ್ತಾಳೆ. ಯುದ್ಧದಿಂದ ದಣಿದು ಬರುವವನ ಸ್ನಾನಕ್ಕೆಂದು ದೊಡ್ಡ ಹಂಡೆಯಲ್ಲಿ ನೀರು ಕಾಯಿಸಲು ದಾಸಿಯರಿಗೆ ಹೇಳಿರುತ್ತಾಳೆ. ಅವನಾಗಲೇ ಇಲ್ಲವೆಂಬುದು ಅವಳಿಗೆ ಗೊತ್ತೇ ಇರುವುದಿಲ್ಲ. ಹೊರಗೆ ಗೋಳಿನ ಸದ್ದು ಕೇಳಿದಾಗ ಕೈಯಲ್ಲಿದ್ದ ಲಾಳಿ ನೆಲಕ್ಕೆ ಬೀಳುತ್ತದೆ. ಕಾದ ನೀರು ಹಂಡೆಯಲ್ಲೇ ಉಳಿಯುತ್ತದೆ. ಸುಮಾರು ೨,೭೦೦ ವರ್ಷಗಳ ಹಿಂದಿನ ಕಾವ್ಯವಿದು. ಆದರೂ ಆ ಬಿಸಿನೀರಿನ ಮಾತು ಓದುವಾಗ ಎದೆ ಧಸಕ್ಕೆನ್ನದ ಗೃಹಿಣಿ ಯಾರಿದ್ದಾಳೆ?

ವ್ಯಾಪಾರಿಯ ವೇಷದಲ್ಲಿ ಬಂದವನು

ಎಲ್ಲವೂ ಕಣ್ಣೀರೇ ಅಲ್ಲ. ಸಾಲ್ಟ್ರಮ್ ಬಂಗಲೆಯಲ್ಲೇ ಇರುವ ಅವಳ ಇನ್ನೊಂದು ಚಿತ್ರ ಅಕಿಲೀಸನದು, ಹೆಕ್ಟರನನ್ನು ಕೊಂದ ಅದೇ ಮಹಾವೀರ. ಅವನನ್ನು ಅವಳು ಬರೆದಿರುವುದು ಹೇಗೆ ಗೊತ್ತೆ? ಹೆಣ್ಣಿನ ಉಡುಪಿನಲ್ಲಿ!

ಯುದ್ಧಕ್ಕೆ ಹೋದರೆ ಮಗ ಸಾಯುತ್ತಾನೆಂದು ತಿಳಿದ ತಾಯಿ ಥೆಟಿಸ್, ಅವನಿಗೆ ಹೆಣ್ಣುಡುಗೆ ತೊಡಿಸಿ ಒಬ್ಬ ರಾಜನ ಹೆಣ್ಣುಮಕ್ಕಳ ನಡುವೆ ಬಚ್ಚಿಡುತ್ತಾಳೆ. ಅವನನ್ನು ಹುಡುಕಿಕೊಂಡು ಜಾಣ ಒಡಿಸ್ಯೂಸ್ ವ್ಯಾಪಾರಿಯ ವೇಷದಲ್ಲಿ ಬರುತ್ತಾನೆ. ಊರಿಗೆ ಬಳೆಗಾರ ಬಂದಂತೆ ಹುಡುಗಿಯರೆಲ್ಲ ಸುತ್ತ ಮುತ್ತಿಕೊಳ್ಳುತ್ತಾರೆ. ಗಂಟು ಬಿಚ್ಚಿದರೆ ಒಡವೆ ವಸ್ತ್ರಗಳ ನಡುವೆ ಆಯುಧಗಳೂ ಇವೆ. ಎಲ್ಲರೂ ಸರ, ಬಳೆಗೆ ಕೈಹಾಕಿದರೆ ‘ಒಬ್ಬಳು’ ಮಾತ್ರ ಕತ್ತಿಗೆ ಕೈಹಾಕುತ್ತಾಳೆ. ಗುಟ್ಟು ರಟ್ಟಾಯಿತು.

ಮೇಲ್ನೋಟಕ್ಕೆ ತಮಾಷೆಯ ಕಥೆ. ಆದರೆ ಮಗನನ್ನು ಉಳಿಸಿಕೊಳ್ಳಲು ಒಬ್ಬ ತಾಯಿ ಮಾಡಿದ ಉಪಾಯ ಮುರಿದುಬಿದ್ದ ಗಳಿಗೆಯೂ ಅದೇ ಎಂಬುದನ್ನು ಮರೆಯಬೇಡಿ.

ಕಾದವಳು, ಕೈಬಿಡಲ್ಪಟ್ಟವಳು

ಒಡಿಸ್ಯೂಸನ ಮನೆಯಲ್ಲಿ ಅವನ ಹೆಂಡತಿ ಪೆನೆಲೊಪಿ ಕಾಯುತ್ತಿದ್ದಳು. ಹತ್ತು ವರ್ಷ ಯುದ್ಧ, ಹತ್ತು ವರ್ಷ ಅಲೆದಾಟ, ಒಟ್ಟು ಇಪ್ಪತ್ತು ವರ್ಷ. ಗಂಡ ಸತ್ತನೆಂದೇ ಬಗೆದು ಮದುವೆಯಾಗಲು ಬಂದವರು ಮನೆಯಲ್ಲಿ ಬೀಡುಬಿಟ್ಟು ಉಂಡು ತೇಗುತ್ತಿದ್ದರು. ಮುದಿ ಮಾವನ ಅಂತ್ಯಕ್ಕೆ ಬೇಕಾಗುವ ವಸ್ತ್ರ ನೇಯ್ದು ಮುಗಿಸಲಿ, ಆಮೇಲೆ ಉತ್ತರ ಹೇಳುತ್ತೇನೆ ಎಂದಳು ಪೆನೆಲೊಪಿ. ಹಗಲೆಲ್ಲ ನೇಯ್ದಳು, ರಾತ್ರಿ ದೀಪದ ಬೆಳಕಲ್ಲಿ ಬಿಚ್ಚಿದಳು. ಮೂರು ವರ್ಷ ಹೀಗೆಯೇ ತಳ್ಳಿದಳು. ಊರ್ಮಿಳೆಯನ್ನು ಬಲ್ಲ ನಮಗೆ ಇವಳು ದೂರದವಳಲ್ಲ.

ಆಂಜೆಲಿಕಾ ಈ ಪೆನೆಲೊಪಿಯನ್ನು ಮತ್ತೆ ಮತ್ತೆ ಬರೆದಳು. ಮಗ್ಗದ ಮುಂದೆ ಕುಳಿತ ಪೆನೆಲೊಪಿಯ ಚಿತ್ರವನ್ನು ೧೭೬೪ರಲ್ಲಿ, ಇಪ್ಪತ್ಮೂರು ವರ್ಷವಾಗುವ ಹೊತ್ತಿಗೇ ಬರೆದಿದ್ದಳು. ಗಂಡನ ಬಿಲ್ಲನ್ನು ತಬ್ಬಿ ಅಳುವ ಪೆನೆಲೊಪಿ ಇನ್ನೊಂದು ಚಿತ್ರದಲ್ಲಿ. ಗಂಡ ಬಂದನೆಂದು ಮುದಿ ದಾದಿ ಬಂದು ಎಬ್ಬಿಸುತ್ತಿರುವ ಪೆನೆಲೊಪಿ ೧೭೭೨ರ ಮತ್ತೊಂದರಲ್ಲಿ. ವೀರ ಎಲ್ಲೂ ಇಲ್ಲ. ಅವನ ಬಿಲ್ಲಿದೆ, ಅವನ ಸುದ್ದಿಯಿದೆ.

೧೭೭೪ರ ಚಿತ್ರದಲ್ಲಿ ಅರಿಯಾಡ್ನಿ. ಗೂಳಿತಲೆಯ ರಾಕ್ಷಸನನ್ನು ಕೊಂದ ಥೀಸಿಯಸನ ಬಗ್ಗೆ ಮೊದಲೇ ಹೇಳಿದೆನಲ್ಲ, ದಾರಿ ತಪ್ಪಿಸುವ ಆ ಚಕ್ರವ್ಯೂಹದಿಂದ ಅವನು ಹೊರಬರಲು ನೂಲಿನ ಉಂಡೆ ಕೊಟ್ಟು ಕಾಪಾಡಿದವಳು ಇವಳೇ. ಅವನನ್ನು ನಂಬಿ ತೌರು ಬಿಟ್ಟು ಬಂದಳು. ಅವಳು ನಿದ್ದೆಯಲ್ಲಿದ್ದಾಗ ಒಂದು ದ್ವೀಪದಲ್ಲಿ ಬಿಟ್ಟು ಹಡಗು ಹತ್ತಿ ಹೊರಟೇಹೋದ. ಆಂಜೆಲಿಕಾಳ ಚಿತ್ರದ ತುಂಬ ಅರಿಯಾಡ್ನಿಯೇ ಇದ್ದಾಳೆ. ಥೀಸಿಯಸ್ ಎಂದರೆ ದೂರದ ಕಡಲಲ್ಲಿ ಒಂದು ಸಣ್ಣ ಹಡಗು, ಅಷ್ಟೆ. ಅಮೆರಿಕದ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಈ ಚಿತ್ರವಿದೆ.

ನಂಬಿ ಕೆಡುವುದು ಎಂದರೇನೆಂದು ಆಂಜೆಲಿಕಾಗೂ ಗೊತ್ತಿತ್ತು. ೧೭೬೭ರಲ್ಲಿ, ತಾನು ಸ್ವೀಡನ್ನಿನ ಕೌಂಟ್ ಎಂದು ಹೇಳಿಕೊಂಡು ಬಂದ ಒಬ್ಬನನ್ನು ಅವಳು ಗುಟ್ಟಾಗಿ ಮದುವೆಯಾದಳು. ಅವನು ಕೌಂಟನೂ ಅಲ್ಲ, ಮದುವೆಯಾಗದವನೂ ಅಲ್ಲ! ಶುದ್ಧ ಮೋಸಗಾರ. ಮರುವರ್ಷವೇ ಬೇರೆಯಾದರು. ಅವಳು ಕ್ಯಾಥೊಲಿಕ್ ಮತದವಳು. ಅವನು ಬದುಕಿರುವವರೆಗೆ ಇನ್ನೊಂದು ಮದುವೆಗೆ ದಾರಿಯಿರಲಿಲ್ಲ. ಊರು ಆಡಿಕೊಂಡಿತು. ಅವಳು ಕುಂಚ ಕೆಳಗಿಡಲಿಲ್ಲ. ಅಕಾಡೆಮಿಯ ಸದಸ್ಯೆಯಾದದ್ದೂ ಆ ವರ್ಷವೇ.

ಆಡಿಕೊಂಡವರು

ಅವಳ ವೀರರು ತೀರ ಮೆತ್ತಗೆ, ಹೆಣ್ಣಿಗರಂತೆ ಕಾಣುತ್ತಾರೆಂದು ಟೀಕೆ ಬಂತು. ಪೀಟರ್ ಪಿಂಡಾರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕವಿ ಹಾಸ್ಯದ ಪದ್ಯವನ್ನೇ ಕಟ್ಟಿದ. ಟೀಕೆ ಪೂರ್ತಿ ಸುಳ್ಳೂ ಅಲ್ಲ. ಅವಳ ಗಂಡಸರ ತೋಳು ತೊಡೆಗಳಲ್ಲಿ ಕಸುವು ಕಡಿಮೆಯೇ. ಆದರೆ ನೋಡಿ ಕಲಿಯಲು ಬಿಟ್ಟಿದ್ದರಲ್ಲವೆ ಆ ಮಾತು? ಅಡಿಗೆಮನೆಗೆ ಬಿಡದೆ ಸಾರಿಗೆ ಉಪ್ಪು ಸಾಲದು ಎಂದಂತಾಯಿತು.

೧೭೭೫ರಲ್ಲಿ ನಥಾನಿಯಲ್ ಹೋನ್ ಎಂಬ ಚಿತ್ರಗಾರ ಅಕಾಡೆಮಿಯ ಅಧ್ಯಕ್ಷ ರೆನಾಲ್ಡ್ಸ್‌ನನ್ನು ಅಣಕಿಸುವ ಚಿತ್ರ ಬರೆದು ಪ್ರದರ್ಶನಕ್ಕೆ ಕೊಟ್ಟ. ಅದರ ಮೂಲೆಯಲ್ಲಿ ಬೆತ್ತಲೆ ಹೆಣ್ಣೊಂದರ ರೂಪವಿತ್ತು. ಅದು ಆಂಜೆಲಿಕಾಳೇ ಎಂದು ಜನ ಗುಸುಗುಟ್ಟಿದರು. ಅವಳು ಅಳುತ್ತ ಕೂರಲಿಲ್ಲ. ಅಕಾಡೆಮಿಗೆ ನೇರ ಪತ್ರ ಬರೆದು ಪ್ರತಿಭಟಿಸಿದಳು. ಅಕಾಡೆಮಿ ಚಿತ್ರವನ್ನು ತಿರಸ್ಕರಿಸಿತು. ಹೋನ್ ಆ ರೂಪವನ್ನು ಅಳಿಸಿ ಬೇರೆ ಬಣ್ಣ ಬಳಿಯಬೇಕಾಯಿತು.

ಅದೇ ಅಕಾಡೆಮಿ ತನ್ನ ಚಾವಣಿಗೆ ನಾಲ್ಕು ಚಿತ್ರಗಳನ್ನು ಬರೆಯುವ ಕೆಲಸವನ್ನು ಅವಳಿಗೇ ವಹಿಸಿತು. ೧೭೭೮–೮೦ರಲ್ಲಿ ಬರೆದ ಆ ಚಿತ್ರಗಳು ಈಗಲೂ ಸಂಸ್ಥೆಯ ಪ್ರವೇಶಾಂಗಣದ ಚಾವಣಿಯಲ್ಲಿವೆ. ಅವುಗಳಲ್ಲಿ ‘ರೇಖೆ’ಯ ಚಿತ್ರದಲ್ಲಿ ಒಬ್ಬ ಹೆಂಗಸು ಕುಳಿತು ಚಿತ್ರ ಬರೆಯುತ್ತಿದ್ದಾಳೆ. ಅವಳ ಎದುರಿಗೆ ಏನಿದೆ ಹೇಳಿ? ವ್ಯಾಟಿಕನ್ನಿನ ಆ ಹಳೆಯ ಹರ್ಕ್ಯುಲಿಸನ ಮುಂಡ! ‘ಜೀವಂತನನ್ನು ತೋರಿಸಲಿಲ್ಲ, ಕಲ್ಲಿನವನನ್ನು ನೋಡಿಯೇ ಕಲಿತೆ’ ಎಂದು ಅಕಾಡೆಮಿಯ ತಲೆಯ ಮೇಲೇ ಬರೆದಿಟ್ಟಳು ಎಂದು ನನಗಂತೂ ಅನ್ನಿಸುತ್ತದೆ.

ಲೆಕ್ಕದ ಪುಸ್ತಕ, ಕೊನೆಯ ಮೆರವಣಿಗೆ

ಮೋಸಗಾರ ಸತ್ತ ಮೇಲೆ ೧೭೮೧ರಲ್ಲಿ, ತನಗಿಂತ ಹದಿನೈದು ವರ್ಷ ದೊಡ್ಡವನಾದ ಆಂಟೋನಿಯೊ ಝುಕ್ಕಿ ಎಂಬ ಚಿತ್ರಗಾರನನ್ನು ಮದುವೆಯಾಗಿ ಅವಳು ಇಟಲಿಗೆ ಮರಳಿದಳು. ಈ ಗಂಡ ಬೇರೆ ಥರದವನು. ಹೆಂಡತಿ ಯಾರಿಗೆ ಯಾವ ಚಿತ್ರ ಬರೆದಳು, ಎಷ್ಟು ಹಣ ಬಂತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಗಂಡನ ಗಳಿಕೆಗೆ ಹೆಂಡತಿ ಲೆಕ್ಕ ಬರೆಯುವುದನ್ನು ಕಂಡಿದ್ದೇವೆ. ಇದು ಅದರ ತಿರುವು! ಅವಳ ಎಷ್ಟೋ ಚಿತ್ರಗಳ ವಿವರ ಇಂದು ತಿಳಿದಿರುವುದು ಆ ಲೆಕ್ಕದ ಪುಸ್ತಕದಿಂದಲೇ.

೧೮೦೭ರಲ್ಲಿ ರೋಮಿನಲ್ಲಿ ಆಂಜೆಲಿಕಾ ತೀರಿಕೊಂಡಾಗ ಶವಯಾತ್ರೆಯ ಏರ್ಪಾಡು ಮಾಡಿದವನು ಶಿಲ್ಪಿ ಕನೋವಾ. ರಾಕ್ಷಸನ ಮೇಲೆ ಕುಳಿತ ಥೀಸಿಯಸನನ್ನು, ಇನ್ನೊಬ್ಬ ಪರ್ಸಿಯಸನನ್ನು ಕಡೆದವನು ಅವನೇ. ರಾಫೆಲನಿಗೆ ಸಂದಂಥ ಮರ್ಯಾದೆ ಅವಳಿಗೂ ಸಂದಿತು. ಅವಳ ಎರಡು ಚಿತ್ರಗಳನ್ನು ಮೆರವಣಿಗೆಯಲ್ಲಿ ಹೊತ್ತು ನಡೆದರು.

ಅವಳಿಂದ ಬಾಗಿಲು ತೆರೆಯಿತು ಎಂದು ಹೇಳಿ ಮುಗಿಸುವ ಆಸೆ ನನಗೂ ಇದೆ. ಆದರೆ ನಡೆದದ್ದು ಹಾಗಲ್ಲ. ಅಕಾಡೆಮಿಯ ಶಾಲೆಗೆ ಮೊದಲ ವಿದ್ಯಾರ್ಥಿನಿ ಸೇರಿದ್ದು ೧೮೬೦ರಲ್ಲಿ. ಅದೂ ಲಾರಾ ಹರ್ಫರ್ಡ್ ಎಂಬಾಕೆ ಪೂರ್ತಿ ಹೆಸರು ಬರೆಯದೆ ಮೊದಲಕ್ಷರ ಮಾತ್ರ ಬರೆದು ಚಿತ್ರ ಕಳಿಸಿದ್ದರಿಂದ. ಗಂಡಸೆಂದು ತಿಳಿದು ಸೇರಿಸಿಕೊಂಡರು! ವಿದ್ಯಾರ್ಥಿನಿಯರಿಗೆ ಜೀವಂತ ಗಂಡಸನ್ನು ನೋಡಿ ಬರೆಯಲು, ಅದೂ ಸೊಂಟಕ್ಕೆ ಬಟ್ಟೆ ಸುತ್ತಿದವನನ್ನು, ಅಪ್ಪಣೆಯಾದದ್ದು ೧೮೯೩ರಲ್ಲಿ. ಆಂಜೆಲಿಕಾ, ಮೇರಿಯರ ನಂತರ ಇನ್ನೊಬ್ಬ ಹೆಂಗಸು, ಲಾರಾ ನೈಟ್, ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು ೧೯೩೬ರಲ್ಲಿ. ನಡುವೆ ಕಳೆದದ್ದು ೧೬೮ ವರ್ಷ. ೨೦೨೪ರಲ್ಲಿ ಅದೇ ಅಕಾಡೆಮಿ ಆಂಜೆಲಿಕಾಳ ಚಿತ್ರಗಳದೇ ಒಂದು ಪ್ರದರ್ಶನ ನಡೆಸಿತು. ಗೋಡೆಗೆ ನೇತುಬಿದ್ದವಳು ಅಂತೂ ಕೋಣೆಯೊಳಗೆ ಬಂದಳು ಎನ್ನೋಣ.

ಇಷ್ಟೆಲ್ಲ ಹೇಳಿ, ಅತ್ತೆಯ ಮುಂದೆ ಹೆಕ್ಟರನ ಚಿತ್ರದ ಪುಟ ತೆರೆದಿಟ್ಟೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಸದ್ಯ, ಇವನು ಬಟ್ಟೆ ಹಾಕಿದಾನೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಪಾಪ, ಅವಳಿಗೆ ನೀರು ಕಾಯಿಸಬೇಡ ಅಂತ ಯಾರಾದ್ರೂ ಮೊದಲೇ ಹೇಳಬಾರದಿತ್ತೇನೆ?” ಎಂದು ಸೊಪ್ಪಿನ ಮೊರವನ್ನು ಮುಂದಕ್ಕೆಳೆದುಕೊಂಡರು.